ಟಿಸಿ ಯಾಕೆ ಸುಡುತ್ತೆ? ಒಂದೇ ಸೂತ್ರ, ಎರಡು ಕಥೆ

ಇವತ್ತಿನ ಎಪಿಸೋಡ್ ಶುರುವಾಗೋದು ಮಳವಳ್ಳಿ ಕಡೆ ಇರೋ ನಮ್ಮ ದೊಡ್ಡಪ್ಪನ ತೋಟದಲ್ಲಿ. ಕಳೆದ ಬೇಸಿಗೆಯಲ್ಲಿ ನಾನು ಹೋದಾಗ ಅಲ್ಲಿ ಟಿಸಿ ಸುಟ್ಟು ಆರು ದಿನ ಆಗಿತ್ತು. ಟಿಸಿ ಅಂದ್ರೆ ಗೊತ್ತಲ್ಲ, ಕಂಬದ ಮೇಲೆ ಕೂತಿರೋ ಟ್ರಾನ್ಸ್‌ಫಾರ್ಮರ್. ಬೋರ್‌ವೆಲ್‌ನಲ್ಲಿ ನೀರಿದೆ, ಮೋಟರ್ ಓಡಲ್ಲ, ಟೊಮೆಟೊ ಗಿಡ ಕಣ್ಣೆದುರೇ ಬಾಡ್ತಾ ಇದೆ.

ದೊಡ್ಡಪ್ಪನ ಮಗಳು ಎಸ್ಸೆಸ್ಸೆಲ್ಸಿ ಓದ್ತಾಳೆ. ಅವಳು ಕೇಳಿದ್ಲು: "ಅಣ್ಣ, ಮನೆಗೆ ಬೇಕಾಗಿರೋದು 230 ವೋಲ್ಟ್. ಲೈನಲ್ಲಿ 11 ಸಾವಿರ ವೋಲ್ಟ್ ಯಾಕೆ ಕಳಿಸ್ತಾರೆ? ನೇರವಾಗಿ 230 ಕಳಿಸಿದ್ರೆ ಈ ಟಿಸಿನೇ ಬೇಡ ಅಲ್ವಾ?"

ನಾನು ಬಿಕಾಂ. ಆಗ ಉತ್ತರ ಗೊತ್ತಿರಲಿಲ್ಲ. ಓದಿ, ತಿಳ್ಕೊಂಡು ಬಂದಿದ್ದೀನಿ.

ಮೊದಲು ನನ್ನ ಭಾಷೆಯಲ್ಲೇ ಹೇಳ್ತೀನಿ. ಒಂದು ಲಕ್ಷ ರೂಪಾಯಿಯನ್ನ ಒಂದು ರೂಪಾಯಿ ನಾಣ್ಯದಲ್ಲಿ ಸಾಗಿಸಿದ್ರೆ ಮೂಟೆಗಟ್ಟಲೆ ಹೊರಬೇಕು. 500ರ ನೋಟಲ್ಲಾದ್ರೆ 200 ನೋಟು, ಚೀಲದಲ್ಲಿ ಹಿಡಿಯುತ್ತೆ. ಬೆಲೆ ಅದೇ, ಹೊರೆ ಕಡಿಮೆ. ವಿದ್ಯುತ್ತಲ್ಲೂ ಹಾಗೇ. ಶಕ್ತಿ ಅಂದ್ರೆ ವೋಲ್ಟ್ ಗುಣಿಸು ಆಂಪಿಯರ್. ವೋಲ್ಟೇಜ್ ನೋಟಿನ ಮುಖಬೆಲೆ ಇದ್ದ ಹಾಗೆ, ಆಂಪಿಯರ್ ನೋಟಿನ ಸಂಖ್ಯೆ ಇದ್ದ ಹಾಗೆ.

ತಂತಿ ಬಿಸಿಯಾಗೋದು ಆಂಪಿಯರ್‌ನಿಂದ. ಅದೂ ವರ್ಗದ ಲೆಕ್ಕದಲ್ಲಿ. ನಷ್ಟ ಅಂದ್ರೆ ಆಂಪಿಯರ್‌ನ ವರ್ಗ ಗುಣಿಸು ತಂತಿಯ ರೋಧ.

ಲೆಕ್ಕ ಹಾಕೋಣ. ಒಂದು ಲಕ್ಷ ವಾಟ್ ಕಳಿಸಬೇಕು, ತಂತಿಯ ರೋಧ 5 ಓಮ್ ಅಂತಿಟ್ಕೊಳ್ಳಿ. ಸಾವಿರ ವೋಲ್ಟ್‌ನಲ್ಲಿ ಕಳಿಸಿದ್ರೆ 100 ಆಂಪಿಯರ್ ಹರಿಯುತ್ತೆ, ನಷ್ಟ 50,000 ವಾಟ್. ಅರ್ಧಕ್ಕರ್ಧ ದಾರಿಯಲ್ಲೇ ಹೋಯ್ತು! 10 ಸಾವಿರ ವೋಲ್ಟ್‌ನಲ್ಲಿ ಕಳಿಸಿದ್ರೆ 10 ಆಂಪಿಯರ್, ನಷ್ಟ ಬರೀ 500 ವಾಟ್. ವೋಲ್ಟೇಜ್ ಹತ್ತು ಪಟ್ಟು, ನಷ್ಟ ನೂರರಲ್ಲಿ ಒಂದು ಪಾಲು.

ಇಲ್ಲಿ ಪರೀಕ್ಷೆಗೆ ಓದೋರಿಗೆ ಒಂದು ಡೌಟ್ ಬರುತ್ತೆ. ಓಮ್ ನಿಯಮದ ಪ್ರಕಾರ ವೋಲ್ಟೇಜ್ ಜಾಸ್ತಿ ಆದ್ರೆ ಆಂಪಿಯರ್ ಕೂಡ ಜಾಸ್ತಿ ಆಗಬೇಕಲ್ವಾ? ತಂತಿಗೆ ಓಮ್ ನಿಯಮ ಹಾಕುವಾಗ ತಂತಿಯ ಎರಡು ತುದಿಗಳ ನಡುವಿನ ವಿಭವಾಂತರ ಮಾತ್ರ ತಗೋಬೇಕು, ಲೈನಿನ ಪೂರ್ತಿ ವೋಲ್ಟೇಜ್ ಅಲ್ಲ. ನಮ್ಮ ಎರಡನೇ ಲೆಕ್ಕದಲ್ಲಿ ಅದು 10 ಸಾವಿರ ಅಲ್ಲ, 50 ವೋಲ್ಟ್ ಅಷ್ಟೆ.

ಇನ್ನು ನೋಟು ಬದಲಾಯಿಸಿ ಕೊಡೋ ಕೆಲಸ ಟ್ರಾನ್ಸ್‌ಫಾರ್ಮರ್‌ದು. ಒಳಗೆ ಕಬ್ಬಿಣದ ತಿರುಳು, ಅದರ ಮೇಲೆ ಎರಡು ಸುರುಳಿ. ಎರಡಕ್ಕೂ ತಂತಿಯ ಸಂಪರ್ಕ ಇಲ್ಲ. ಎಸಿ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತನೆ ಆಗೋದ್ರಿಂದ ತಿರುಳಿನ ಕಾಂತಕ್ಷೇತ್ರ ಬದಲಾಗ್ತಾನೇ ಇರುತ್ತೆ. ಆ ಬದಲಾವಣೆ ಎರಡನೇ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತೆ. 1831ರಲ್ಲಿ ಫ್ಯಾರಡೆ ಕಂಡುಕೊಂಡಿದ್ದು ಇದನ್ನೇ. ಮೊದಲನೇ ಸುರುಳಿ 4,400 ಸುತ್ತು, ಎರಡನೆಯದು 100 ಸುತ್ತು ಇದ್ರೆ 11,000 ವೋಲ್ಟ್ 250 ಆಗಿ ಇಳಿಯುತ್ತೆ. ಬ್ಯಾಟರಿಯ ಡಿಸಿ ಕೊಟ್ರೆ ಈ ಆಟ ನಡೆಯಲ್ಲ, ಯಾಕಂದ್ರೆ ಅಲ್ಲಿ ಕಾಂತಕ್ಷೇತ್ರ ಬದಲಾಗೋದೇ ಇಲ್ಲ.

ಇದಕ್ಕೆ ಉದಾಹರಣೆ ದೊಡ್ಡಪ್ಪನ ತಾಲ್ಲೂಕಲ್ಲೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯ್ತು, 30 ಸಾವಿರಕ್ಕೂ ಹೆಚ್ಚು ವೋಲ್ಟ್‌ನಲ್ಲಿ. ಬೆಂಗಳೂರಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ವೋಲ್ಟೇಜ್ ಏರಿಸದೇ ಇದ್ದಿದ್ರೆ ಅಷ್ಟು ದೂರ ಸಾಗಿಸೋದು ಆಗದ ಮಾತು.

ಹಾಗಾದ್ರೆ ದೊಡ್ಡಪ್ಪನ ಟಿಸಿ ಯಾಕೆ ಸುಡ್ತು? ಅದೇ ಸೂತ್ರ. ಅದು 25 ಕೆವಿಎ ಟಿಸಿ. 5 ಎಚ್‌ಪಿ ಮೋಟರ್ ಆದ್ರೆ ಹೆಚ್ಚುಕಮ್ಮಿ ಐದನ್ನ ತಡ್ಕೊಳ್ಳುತ್ತೆ. ಆದ್ರೆ ಹತ್ತು ಮೋಟರ್ ಓಡ್ತಾ ಇದ್ವು. ಆಂಪಿಯರ್ ಎರಡು ಪಟ್ಟು ಆದ್ರೆ ಸುರುಳಿಯ ಬಿಸಿ ನಾಲ್ಕು ಪಟ್ಟು. ಒಳಗಿನ ಎಣ್ಣೆ ಕಾಯುತ್ತೆ, ಇನ್ಸುಲೇಶನ್ ಸುಡುತ್ತೆ, ಕಥೆ ಮುಗೀತು. ಕರೆಂಟ್ ಬಂದ ತಕ್ಷಣ ಎಲ್ರೂ ಒಟ್ಟಿಗೆ ಸ್ವಿಚ್ ಹಾಕೋದು ಯಾಕೆ ಅಂತ ನಂಗೂ ಅರ್ಥ ಆಗುತ್ತೆ. ಕರೆಂಟ್ ಇರೋದೇ ಕೆಲವು ಗಂಟೆ. ಆದ್ರೂ ಸರದಿ ಹಾಕ್ಕೊಂಡ್ರೆ ಟಿಸಿ ಉಳಿಯುತ್ತೆ.

ಕೊನೇ ಮಾತು. ಹೊಸ ಟಿಸಿ ಬಂದ ಮೂರನೇ ದಿನಕ್ಕೆ ಫ್ಯೂಸ್ ಹೋಯ್ತು. ಪಕ್ಕದ ತೋಟದ ಹುಡುಗ ತಾನೇ ಹತ್ತಿ ಹಾಕ್ತೀನಿ ಅಂತ ಹೊರಟ. ದೊಡ್ಡಪ್ಪ ಬೈದು ನಿಲ್ಲಿಸಿದ್ರು: "ಬೆಳೆ ಹೋದ್ರೆ ಮತ್ತೆ ಬೆಳೀಬಹುದು ಕಣೋ." ಕೆಳಗೆ 230 ಇದ್ರೂ ಮೇಲೆ 11 ಸಾವಿರ ಕೂತಿದೆ. ದಯವಿಟ್ಟು ಹತ್ತಬೇಡಿ. 1912ಕ್ಕೆ ಫೋನ್ ಮಾಡಿ, ಲೈನ್‌ಮ್ಯಾನ್ ಬರಲಿ.

ತಂಗಿಗೆ ಈ ಎಪಿಸೋಡ್ ಕಳಿಸ್ತಾ ಇದ್ದೀನಿ. ನಿಮ್ಮನೇಲೂ ಹತ್ತನೇ ಕ್ಲಾಸ್ ಓದೋರಿದ್ರೆ, ತೋಟದಲ್ಲಿ ಮೋಟರ್ ಇರೋರಿದ್ರೆ, ಅವರಿಗೂ ಕಳಿಸಿ. ಮುಂದಿನ ವಾರ ಸಿಗೋಣ.