ಒಳಗೆ ತಂಪು, ಹೊರಗೆ ಬಿಸಿ ಏಕೆ?

(ಉತ್ಪಾದಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಿಮ್ಮಲ್ಲಿ ಹಲವರ ಮನೆಗೆ ಫ್ರಿಜ್ ಬಂದಿದೆ. ಕೆಲವರು ಫ್ರೀಜರ್ ಕೂಡ ಇಟ್ಟಿದ್ದೀರಿ. ಅದರ ಪಕ್ಕದ ತಗಡನ್ನು ಮುಟ್ಟಿದರೆ ಬೆಚ್ಚಗಿರುತ್ತದೆ. ತಂಪು ಮಾಡುವ ಪೆಟ್ಟಿಗೆಯೇ ಬಿಸಿಯಾದರೆ ಕೆಟ್ಟಿದೆ ಎಂದು ಗಾಬರಿಯಾಗುವವರುಂಟು. ಗಾಬರಿ ಬೇಡ. ಅದು ಯಂತ್ರ ತನ್ನ ಕೆಲಸ ಮಾಡುತ್ತಿರುವುದರ ಗುರುತು.

ತಂಪು ಎಂಬುದನ್ನು ಯಾರೂ ತಯಾರಿಸಲಾರರು. ಒಳಗಿನ ಶಾಖವನ್ನು ಹೊರಗೆ ಸಾಗಿಸಬಹುದು, ಅಷ್ಟೇ. ನಿಮ್ಮ ಪಂಪ್‌ಸೆಟ್ ನೀರನ್ನು ಹುಟ್ಟಿಸುವುದಿಲ್ಲ, ಕೆಳಗಿದ್ದದ್ದನ್ನು ಮೇಲಕ್ಕೆ ಎತ್ತುತ್ತದೆ. ಫ್ರೀಜರ್ ಕೂಡ ಶಾಖವನ್ನು ಎತ್ತುವ ಒಂದು ಪಂಪು.

ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಿರುವುದು ಹೊರಮೈಯ ತೇವ ಆವಿಯಾಗುವಾಗ ಶಾಖ ಹೀರುವುದರಿಂದ. ಫ್ರೀಜರಿನ ಕೊಳವೆಯಲ್ಲಿ ಹರಿಯುವ ಶೀತಕವೂ ಹಾಗೆಯೇ. ಆರ್-134ಎ ಎಂಬ ಶೀತಕ ವಾತಾವರಣದ ಒತ್ತಡದಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಅದು ಒಳಗೆ ಆವಿಯಾಗುತ್ತಾ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ಹೊರಗಿನ ಕೊಳವೆಯಲ್ಲಿ ಅದು ಶಾಖವನ್ನು ಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಹಳೆಯ ಫ್ರಿಜ್‌ಗಳಲ್ಲಿ ಈ ಕೊಳವೆ ಹಿಂಬದಿಯ ಕಪ್ಪು ಜಾಲರಿಯಾಗಿತ್ತು. ಈಗ ಬಹುತೇಕ ಮಾದರಿಗಳಲ್ಲಿ ಪಕ್ಕದ ತಗಡಿನ ಒಳಗೇ ಅಡಗಿದೆ. ಬಾಗಿಲಿನ ಚೌಕಟ್ಟು ಬೆವರದಿರಲೆಂದು ಅಲ್ಲಿಯೂ ಒಂದು ಬಿಸಿ ಕೊಳವೆ ಹಾಯಿಸುವುದುಂಟು.

ಸಂಘದ ಬಲ್ಕ್ ಕೂಲರಿನ ಲೆಕ್ಕವೂ ಇದೇ. 1000 ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಸುಮಾರು 35 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ತೆಗೆಯಬೇಕು. ಅದಕ್ಕೆ ಯಂತ್ರ 12 ಯೂನಿಟ್ ಬಳಸಿತೆನ್ನಿ. ಆ ವಿದ್ಯುತ್ತೂ ಕೊನೆಗೆ ಶಾಖವೇ ಆಗುವುದರಿಂದ, ಹೊರಬೀಳುವ ಶಾಖ ಎರಡೂ ಸೇರಿ 47. ಫ್ರಿಜ್ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗದೆ ಇನ್ನಷ್ಟು ಬಿಸಿಯಾಗುವುದೂ ಇದರಿಂದಲೇ.

ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಕರೆಂಟು ಹೆಚ್ಚು ಬೇಕೆಂಬುದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೊರಗಿನ ಬಿಸಿಲು ಏರಿದಷ್ಟೂ ಶಾಖವನ್ನು ಎತ್ತುವ ಆಳವೂ ಹೆಚ್ಚುತ್ತದೆ. ಆಗ ಯಂತ್ರ ಹೆಚ್ಚು ಹೊತ್ತು ಓಡುತ್ತದೆ, ಬಿಲ್ಲು ಏರುತ್ತದೆ, ಹಾಲು ತಣಿಯುವುದು ತಡವಾಗುತ್ತದೆ. ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ಆದ್ದರಿಂದ ಈ ನಾಲ್ಕು ಮಾತು ನೆನಪಿಡಿ:

1. ಫ್ರಿಜ್, ಫ್ರೀಜರ್‌ಗಳ ಹಿಂದೆ ಮತ್ತು ಪಕ್ಕದಲ್ಲಿ ನಾಲ್ಕಾರು ಅಂಗುಲ ಜಾಗ ಬಿಡಿ. ಒಲೆಯ ಪಕ್ಕ, ಬಿಸಿಲು ಬೀಳುವಲ್ಲಿ ಇಡಬೇಡಿ. ಪಕ್ಕಗಳನ್ನು ಬಟ್ಟೆಯಿಂದ ಮುಚ್ಚಬೇಡಿ.

2. ಕೂಲರಿನ ಕಂಡೆನ್ಸರ್ ಮುಂದೆ ಪಶು ಆಹಾರದ ಚೀಲ, ಖಾಲಿ ಕ್ಯಾನು ಪೇರಿಸಬೇಡಿ. ಬಿಸಿಗಾಳಿ ಹೊರಹೋಗಲು ಕಿಟಕಿ ತೆರೆದಿರಲಿ.

3. ಕಂಡೆನ್ಸರಿನ ರೆಕ್ಕೆಗಳಲ್ಲಿ ಹೊಟ್ಟು, ಧೂಳು ಕೂರುತ್ತದೆ. ಕರೆಂಟು ತೆಗೆದು, ಮೃದುವಾದ ಬ್ರಷ್‌ನಿಂದ ನಿಯಮಿತವಾಗಿ ಗುಡಿಸಿ.

4. ಕರೆದ ಹಾಲನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳದೆ ಬೇಗ ಸಂಘಕ್ಕೆ ತನ್ನಿ.

ಇನ್ನು ಗಾಬರಿಯಾಗಬೇಕಾದದ್ದು ಯಾವಾಗ? ಹೊರಮೈ ಕೈಯಿಡಲಾರದಷ್ಟು ಸುಟ್ಟರೆ, ಕಂಪ್ರೆಸರ್ ನಿಲ್ಲದೆ ಓಡುತ್ತಿದ್ದರೂ ಒಳಗೆ ತಂಪಿಲ್ಲದಿದ್ದರೆ ತಜ್ಞರನ್ನು ಕರೆಸಿ. ಕಂಪ್ರೆಸರ್ ಓಡುತ್ತಿದ್ದು ಹೊರಮೈ ಸ್ವಲ್ಪವೂ ಬೆಚ್ಚಗಾಗದಿದ್ದರೆ ಅದೂ ಒಳ್ಳೆಯ ಲಕ್ಷಣವಲ್ಲ. ಶೀತಕ ಸೋರಿರಬಹುದು.

ಬಲ್ಕ್ ಕೂಲರಿನಲ್ಲಿರುವುದು ಒಬ್ಬರ ಮನೆಯ ಹಾಲಲ್ಲ. ಅದು ಕೆಟ್ಟರೆ ಊರಿನ ಒಂದು ಹೊತ್ತಿನ ದುಡಿಮೆಯೇ ಹೋದಂತೆ. ಯಂತ್ರಕ್ಕೆ ಉಸಿರಾಡಲು ಜಾಗ ಕೊಡಿ ಎಂದು ಕೋರುತ್ತಾ ನನ್ನ ಮಾತು ಮುಗಿಸುತ್ತೇನೆ.