ಓದುವ ಮಗುವಿಗೆ ಕೇಳುವ ಕಿವಿ ಬೇಕು

(ಯುವಕ ಮಂಡಳಿ ಮತ್ತು ಮಹಿಳಾ ಮಂಡಳಿಗಳ ಕೂಟದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ನಾನು ಮಾತಿಗೆ ನಿಂತೆನೆಂದರೆ ಗೊಬ್ಬರದ ಗುಂಡಿಯ ವಿಷಯವೋ ಬೀಜೋಪಚಾರದ ವಿಷಯವೋ ಬಂದೇ ಬರುತ್ತದೆಂದು ತಾವೆಲ್ಲ ಬಲ್ಲಿರಿ. ಇಂದು ಅವಕ್ಕೆ ಬಿಡುವು ಕೊಡೋಣ. ನಮ್ಮ ಮಕ್ಕಳು ಪುಸ್ತಕಗಳನ್ನು ಸಂತೋಷದಿಂದ ಓದುವಂತಾಗಲು ನಾವೇನು ಮಾಡಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಪಂಡಿತನಲ್ಲ, ಬೇಸಾಯದ ಡಿಪ್ಲೊಮಾ ಮಾಡಿದವನು. ಈ ಕೆಲಸದಲ್ಲಿ ಮೊದಲು ಸೋತು ಆಮೇಲೆ ಕಲಿತವನು. ಆದ್ದರಿಂದ ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ.

ಹೋದ ವರ್ಷ ಪಂಚಾಯತಿಯ ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ ಮಕ್ಕಳನ್ನು ಕೂಡಿಸಿದೆ. ಮೊದಲ ವಾರ ಇಪ್ಪತ್ತು ಮಕ್ಕಳು ಬಂದರು. ಪ್ರಯೋಜನವಾಗಲಿ ಎಂದು ಪುಸ್ತಕಗಳನ್ನು ನಾನೇ ಆರಿಸಿ ಕೊಟ್ಟೆ: ಆರೋಗ್ಯ, ನೈರ್ಮಲ್ಯ, ಮಹಾಪುರುಷರ ಚರಿತ್ರೆ. ಓದಿದ್ದನ್ನು ಹತ್ತು ಸಾಲು ಬರೆದು ತೋರಿಸಬೇಕೆಂದೂ ಹೇಳಿದೆ. ನಾಲ್ಕನೆಯ ವಾರಕ್ಕೆ ಉಳಿದವರು ಮೂವರು. ಅವರಲ್ಲಿ ಒಬ್ಬ ಮಳೆ ಬಂತೆಂದು ಒಳಗೆ ನಿಂತವನು!

ರಾಗಿ ಸಣ್ಣ ಕಾಳು. ಆಳಕ್ಕೆ ಬಿತ್ತಿದರೆ ಮೊಳಕೆ ಮೇಲೆ ಬರಲಾರದೆ ಮಣ್ಣಿನಲ್ಲಿಯೇ ಸಾಯುತ್ತದೆ. ಹೊಲದಲ್ಲಿ ನಿಮಗೆ ಹೇಳುವ ಈ ಮಾತನ್ನು ನಾನು ಗ್ರಂಥಾಲಯದಲ್ಲಿ ಮರೆತಿದ್ದೆ. ಮಕ್ಕಳ ಓದಿನ ಸಣ್ಣ ಆಸೆಯ ಮೇಲೆ ಒಂದು ಅಡಿ ಮಣ್ಣು ಎಳೆದಿದ್ದೆ.

ಹಾಗಾದರೆ ನನಗೆ ಓದಿನ ರುಚಿ ಹತ್ತಿದ್ದು ಹೇಗೆ ಎಂದು ಯೋಚಿಸಿದೆ. ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ‘ಚಂದಮಾಮ’ ಸಂಚಿಕೆಗಳಿದ್ದವು. 1949ರಲ್ಲಿ ಕನ್ನಡದಲ್ಲಿ ಆರಂಭವಾದ ಆ ಮಾಸಪತ್ರಿಕೆ ಈಗ ಬರುತ್ತಿಲ್ಲ; ಹಿರಿಯರಿಗೆ ಅದರ ಬೇತಾಳನ ಕಥೆಗಳು ನೆನಪಿರಬಹುದು. ಅಜ್ಜಿಗೆ ಅಕ್ಷರ ಬಾರದು. ರಾತ್ರಿ ಊಟವಾದ ಮೇಲೆ ನನ್ನ ಕೈಯಲ್ಲಿ ಓದಿಸಿ ಕೇಳುತ್ತಿದ್ದರು. ನಾನು ತಡವರಿಸಿದರೆ ಗದರುತ್ತಿರಲಿಲ್ಲ. ನಿಲ್ಲಿಸಿದರೆ ಮಾತ್ರ, “ಮುಂದೇನಾಯ್ತೋ ಮಗ?” ಎನ್ನುತ್ತಿದ್ದರು. ಆ ಒಂದು ಪ್ರಶ್ನೆಗಾಗಿ ನಾನು ಓದಿದೆ. ಓದು ಬಾರದ ಅಜ್ಜಿಯೇ ನನ್ನನ್ನು ಓದುಗನನ್ನಾಗಿ ಮಾಡಿದರು.

“ನಮಗೇ ಅಕ್ಷರ ಬಾರದು, ಮಕ್ಕಳಿಗೆ ಏನು ಹೇಳಿಕೊಡೋಣ?” ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ನೀವು ಹೇಳಿಕೊಡಬೇಡಿ, ಕೇಳಿ. ಮಗುವಿಗೆ ಪಾಠ ಹೇಳುವವರು ಶಾಲೆಯಲ್ಲಿದ್ದಾರೆ. ಮಗು ಓದಿದ್ದನ್ನು ಕೇಳುವವರು ಮನೆಯಲ್ಲಿ ಇರಬೇಕು.

ಒಂದು ಮನೆಯ ಸಂಗತಿ ಹೇಳುತ್ತೇನೆ. ಅಲ್ಲಿ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಏಳನೆಯ ತರಗತಿಗೆ ಶಾಲೆ ಬಿಟ್ಟಳು. ಆಮೇಲೆ ಆಕೆಯ ಕೈಗೆ ಪುಸ್ತಕ ಬರಲೇ ಇಲ್ಲ. ಐದಾರು ವರ್ಷ ಕಳೆಯಿತು. ಈಗ ಬಸ್ಸಿನ ಬೋರ್ಡನ್ನು ಕೂಡಿಸಿ ಓದುವುದೇ ಕಷ್ಟ. “ಕಲಿತದ್ದೆಲ್ಲ ನೀರಿಗೆ ಹೋಯ್ತು ಸ್ವಾಮಿ” ಎಂದು ತಾಯಿ ಕಣ್ಣೀರು ಹಾಕಿದರು. ಉಳದ ಹೊಲ ಬೀಳು ಬೀಳುತ್ತದೆ; ಓದದ ಅಕ್ಷರ ಮಾಸುತ್ತದೆ. ಪರೀಕ್ಷೆಗೆಂದು ಮಾತ್ರ ಓದಿದವರು ಪರೀಕ್ಷೆ ಮುಗಿದ ದಿನವೇ ಪುಸ್ತಕ ಕೆಳಗಿಡುತ್ತಾರೆ. ರುಚಿ ಹತ್ತಿದವರು ಶಾಲೆ ಬಿಟ್ಟರೂ ಓದು ಬಿಡುವುದಿಲ್ಲ. ಸಂತೋಷದ ಓದನ್ನು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಕಿರಿಯಳು ಕಥೆ ಪುಸ್ತಕ ಹಿಡಿದಾಗ ತಂದೆ ಮೊದಲು ಒಪ್ಪಲಿಲ್ಲ. “ಕಥೆ ಓದಿದರೆ ಮಾರ್ಕು ಬಂದೀತಾ ಸ್ವಾಮಿ?” ಎಂದರು. “ಯಜಮಾನರೇ, ಕಥೆಯನ್ನು ಸರಾಗವಾಗಿ ಓದುವವಳು ಪಾಠವನ್ನೂ ಸರಾಗವಾಗಿ ಓದುತ್ತಾಳೆ. ಒಂದು ವಾರ ಪಕ್ಕದಲ್ಲಿ ಕೂತು ಕೇಳಿ ನೋಡಿ” ಎಂದೆ.

ಮೂರನೆಯ ದಿನ ಕಥೆಯಲ್ಲಿ ‘ಹಗೇವು’ ಎಂಬ ಮಾತು ಬಂತು. ಹುಡುಗಿಗೆ ಅರ್ಥವಾಗಲಿಲ್ಲ, “ಅಪ್ಪ, ಹಗೇವು ಅಂದ್ರೇನು?” ಎಂದಳು. ಯಜಮಾನರು ಎದ್ದು ಕೂತರು. ತಮ್ಮ ತಾತ ನೆಲದೊಳಗೆ ರಾಗಿ ತುಂಬಿಟ್ಟು ಬಾಯಿ ಮುಚ್ಚುತ್ತಿದ್ದ ಬಗೆ, ಅದನ್ನು ತೆರೆದಾಗ ಕೆಟ್ಟ ಗಾಳಿ ಹೋಗುವವರೆಗೆ ಯಾರನ್ನೂ ಇಳಿಸದೆ ಕಾಯುತ್ತಿದ್ದುದು, ಬರಗಾಲದಲ್ಲಿ ಆ ಕಾಳು ಮನೆಯನ್ನು ಉಳಿಸಿದ್ದು, ಎಲ್ಲವನ್ನೂ ಹೇಳಿದರು. ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೋಗಿ ಆ ಜಾಗವನ್ನೂ ತೋರಿಸಿದರು. ಪೇಟೆಯ ಮಗು ಇಂಥ ಮಾತಿಗೆ ನಿಘಂಟು ಹುಡುಕಬೇಕು. ನಮ್ಮ ಮಗುವಿಗೆ ಮನೆಯ ಹಿರಿಯರೇ ನಿಘಂಟು. ಕೂರಿಗೆ, ಕುಂಟೆ, ಮೇಟಿ, ಬಣವೆ ಇವುಗಳ ಅರ್ಥ ನಿಮಗಿಂತ ಚೆನ್ನಾಗಿ ಬಲ್ಲವರು ಯಾರು?

ನಮ್ಮ ನಾಡಿನಲ್ಲಿ ಮಕ್ಕಳ ಓದಿಗಾಗಿ ದೊಡ್ಡವರು ದುಡಿದಿದ್ದಾರೆ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಇವರು ಮಕ್ಕಳ ನಾಲಗೆಗೆ ಒಗ್ಗುವ ಪದ್ಯಗಳನ್ನು ಬರೆದರು. ಶಿವರಾಮ ಕಾರಂತರು 1936ರಲ್ಲಿಯೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಹೊರತಂದರು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಮಂಡ್ಯ ಜಿಲ್ಲೆಯ ಪಾಂಡವಪುರದ ಬಳಿ, ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ತಮ್ಮ ಗಳಿಕೆಯಿಂದ ಲಕ್ಷಗಟ್ಟಲೆ ಪುಸ್ತಕ ಕೂಡಿಸಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅಷ್ಟು ನಮ್ಮಿಂದಾಗದು. ಆದರೆ ಪಂಚಾಯತಿಯ ಗ್ರಂಥಾಲಯಕ್ಕೆ ಮಗುವಿನ ಕೈ ಹಿಡಿದು ಹೋಗಬಹುದಲ್ಲ? ನಮ್ಮ ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂದದ್ದು 1965ರಲ್ಲಿ. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಡುವ ಏರ್ಪಾಡಾಯಿತು. ನಿಮ್ಮ ಮಗುವಿನ ಹೆಸರು ಅಲ್ಲಿದೆಯೇ ಎಂದು ನಾಳೆಯೇ ವಿಚಾರಿಸಿರಿ.

ಕೊನೆಗೆ, ನಾನು ಸೋತು ಕಲಿತ ಕೆಲವು ಮಾತುಗಳು.

ಮೊದಲನೆಯದು: ಪುಸ್ತಕವನ್ನು ಮಗುವೇ ಆರಿಸಲಿ. ಚಿತ್ರದ ಪುಸ್ತಕ, ಭೂತದ ಕಥೆ, ಒಗಟು, ಯಾವುದಾದರೂ ಸರಿ. ದೊಡ್ಡ ಹುಡುಗರಿಗೆ ಯಂತ್ರಗಳ, ಆಟೋಟಗಳ, ಪತ್ತೇದಾರಿ ಕಥೆಗಳ ಪುಸ್ತಕ ಬೇಕಾದೀತು, ಬೇಡವೆನ್ನಬೇಡಿ. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡಲಿ.

ಎರಡನೆಯದು: ಪುಸ್ತಕಕ್ಕೆ ಬೀಗ ಹಾಕಬೇಡಿ. ನಾನು ಓದಿದ ಶಾಲೆಯಲ್ಲಿ ಪುಸ್ತಕಗಳು ಹರಿಯಬಾರದೆಂದು ಬೀರುವಿನಲ್ಲಿ ಭದ್ರವಾಗಿದ್ದವು. ಬೀಗ ತೆಗೆದಾಗ ಗೆದ್ದಲು ಅವನ್ನು ಓದಿ ಮುಗಿಸಿತ್ತು. ಸವೆದ ಗುಳ ರೈತನಿಗೆ ಅವಮಾನವಲ್ಲ. ಸವೆದ ಪುಸ್ತಕವೂ ಹಾಗೆಯೇ.

ಮೂರನೆಯದು: ರಾತ್ರಿ ಊಟವಾದ ಮೇಲೆ ಕಾಲು ಗಂಟೆ ದೂರದರ್ಶನವನ್ನೂ ಮೊಬೈಲನ್ನೂ ಬದಿಗಿಡಿ. ನಾವು ಮೊಬೈಲು ನೋಡುತ್ತ ಮಗುವಿಗೆ “ಓದಿಕೋ” ಎಂದರೆ ಅದು ನಮ್ಮ ಮಾತನ್ನು ಕೇಳುವುದಿಲ್ಲ. ನಮ್ಮ ಕೈಯನ್ನು ನೋಡುತ್ತದೆ.

ನಾಲ್ಕನೆಯದು: ಹೆಣ್ಣುಮಕ್ಕಳಿಗೂ ಬಿಡುವು ಕೊಡಿ. ಗ್ರಂಥಾಲಯ ತೆರೆದಿರುವ ಹೊತ್ತಿಗೇ ನೀರು, ಕಸಮುಸುರೆ, ತಮ್ಮ ತಂಗಿಯರ ಆರೈಕೆ ಎಲ್ಲವೂ ಅವರ ತಲೆಯ ಮೇಲಿರುತ್ತವೆ. ಪುಸ್ತಕವನ್ನು ಮನೆಗೆ ತರಲು ಬಿಡಿ. ಕೆಲಸದಲ್ಲಿ ಅಣ್ಣತಮ್ಮಂದಿರೂ ಕೈ ಹಾಕಲಿ.

ಐದನೆಯದು: ಓದಿದ ಮೇಲೆ ಪರೀಕ್ಷೆ ಮಾಡಬೇಡಿ. ಮೊಳಕೆ ಬಂತೇ ಎಂದು ದಿನವೂ ಕೆದಕಿ ನೋಡುವವನ ಹೊಲದಲ್ಲಿ ಬೆಳೆ ಬರುವುದಿಲ್ಲ.

ನಮ್ಮ ಶನಿವಾರದ ಕೂಟದಲ್ಲಿ ಈಗ ಬರೆದು ತೋರಿಸುವ ಕೆಲಸವಿಲ್ಲ. ಒಂದು ಮಗು ಓದುತ್ತದೆ, ಉಳಿದವರು ಕೇಳುತ್ತಾರೆ. ಕೆಲವು ವಾರ ಹದಿನೈದು ಮಕ್ಕಳು, ಕೆಲವು ವಾರ ಎಂಟು. ಸುಗ್ಗಿಯಲ್ಲಿ ಇನ್ನೂ ಕಡಿಮೆ. ಆದರೆ ಬಂದವರು ಮನಸ್ಸಿನಿಂದ ಬರುತ್ತಾರೆ. ಮೊದಲ ಸಾಲಿನಲ್ಲಿ ಆ ಕಿರಿಯ ಹುಡುಗಿ ಕೂರುತ್ತಾಳೆ. ಹೋದ ತಿಂಗಳಿಂದ ಅವಳ ಪಕ್ಕದಲ್ಲಿ ಅವಳ ಅಕ್ಕನೂ ಕೂರುತ್ತಾಳೆ. ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ ಓದುತ್ತಾಳೆ. ಅವಳಿಗೆ ಯಾರೂ ಅವಸರ ಮಾಡುವುದಿಲ್ಲ.

ಇಂದು ರಾತ್ರಿ ತಮ್ಮ ಮನೆಯ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು “ಮುಂದೇನಾಯ್ತು?” ಎಂದು ಒಮ್ಮೆ ಕೇಳಿ ನೋಡಿರೆಂದು ಬೇಡಿಕೊಳ್ಳುತ್ತೇನೆ.