ಕಂಪ್ಯೂಟರ್ ಸೀಟು ಹಿಡಿಯುವ ಮುಂಚೆ ನಾವು ಕೇಳಬೇಕಾದ ಮಾತು

(ದಾವಣಗೆರೆ–ಹರಿಹರ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಪಿಯುಸಿ ರಿಸಲ್ಟ್ ಬಂತೆಂದರೆ ಸಂಘಗಳಲ್ಲಿ ಸಾಲದ ಅರ್ಜಿ ಜಾಸ್ತಿಯಾಗುತ್ತವೆ. "ಮಗನಿಗೆ ಕಂಪ್ಯೂಟರ್ ಸೈನ್ಸ್ ಸೀಟು ಬೇಕು ಸಿಸ್ಟರ್, ಸರ ಅಡವಿಟ್ಟಾದ್ರೂ ಓದಿಸ್ತೀವಿ" ಎನ್ನುತ್ತೀರಿ. ಓದಿಸಬೇಕು, ಎರಡು ಮಾತಿಲ್ಲ. ಆದರೆ ಒಂದು ಸೀರೆ ತಗೊಳ್ಳುವಾಗ ನಾಲ್ಕು ಅಂಗಡಿ ಹತ್ತಿ ಇಳಿಯುವ ನಾವು, ಲಕ್ಷಗಟ್ಟಲೆ ಕೊಡುವಾಗ ಏನೂ ಕೇಳದೆ ಬರುತ್ತೇವಲ್ಲ, ಅದು ಸರಿಯೇ?

ಮೊದಲನೆಯದು, ಪದವಿ ಕೊಡುವವರು ಯಾರು? ನಮ್ಮೂರಲ್ಲೇ ಬೇರೆ ಬೇರೆ ದಾರಿ ಇವೆ. 1951ರ ಯುಬಿಡಿಟಿ ಕಾಲೇಜು ಮತ್ತು 1979ರ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಟಿಯುಗೆ ಸೇರಿದವು. ಜಿ.ಎಂ. ಸಂಸ್ಥೆ 2023ರಲ್ಲಿ ಖಾಸಗಿ ವಿಶ್ವವಿದ್ಯಾಲಯವೇ ಆಯಿತು. ಬಿಸಿಎಗೆ 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯದ ಕಾಲೇಜುಗಳಿವೆ. ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿ, ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವ ಅವಕಾಶವೂ ಉಂಟು. ಇದರಲ್ಲಿ ಖರ್ಚು ಕಡಿಮೆ.

ಎರಡನೆಯದು, ನ್ಯಾಕ್ ಗ್ರೇಡು ಇಡೀ ಕಾಲೇಜಿಗೆ ಸಿಗುವಂಥದ್ದು. ಕಂಪ್ಯೂಟರ್ ವಿಭಾಗಕ್ಕೆ ಎನ್‌ಬಿಎ ಮಾನ್ಯತೆ ಇದೆಯಾ, ಎಷ್ಟು ವರ್ಷದ ತನಕ ಇದೆ ಎಂದು ಬೇರೆಯಾಗಿ ಕೇಳಿ. ಕಾಯಂ ಉಪನ್ಯಾಸಕರು ಎಷ್ಟು ಮಂದಿ, ಲ್ಯಾಬಿನಲ್ಲಿ ಒಬ್ಬೊಬ್ಬರಿಗೆ ಒಂದು ಕಂಪ್ಯೂಟರ್ ಸಿಗುತ್ತದಾ ಎಂದೂ ಕೇಳಿ.

ಮೂರನೆಯದು ಕೆಲಸದ ಮಾತು. ಬ್ಯಾನರಿನಲ್ಲಿ ಹಾಕುವುದು ಅತಿ ಹೆಚ್ಚು ಸಂಬಳ ಸಿಕ್ಕ ಒಬ್ಬನ ಫೋಟೊ. ನೀವು ಕೇಳಬೇಕಾದದ್ದು: ಹೋದ ವರ್ಷ ಈ ವಿಭಾಗದಲ್ಲಿ ಓದಿದವರು ಎಷ್ಟು? ಕೆಲಸಕ್ಕೆ ನಿಜವಾಗಿ ಸೇರಿದವರು ಎಷ್ಟು? ಮಧ್ಯದಲ್ಲಿರುವ ಹುಡುಗನ ಸಂಬಳ ಎಷ್ಟು? ಒಬ್ಬನೇ ಮೂರು ಆಫರ್ ಪಡೆದರೆ ಲೆಕ್ಕದಲ್ಲಿ ಮೂರು ಎಂದು ಬರಬಹುದು, ಎಚ್ಚರ. ಹಿಂದಿನ ವರ್ಷ ಮುಗಿಸಿದ ಮಕ್ಕಳನ್ನೂ ಮಾತಾಡಿಸಿ; ಅವರು ಇದ್ದದ್ದು ಇದ್ದಂಗೆ ಹೇಳುತ್ತಾರೆ.

ಇನ್ನು ಲೆಕ್ಕ. ದೊಡ್ಡ ಕಂಪನಿಗಳಲ್ಲೂ ಹೊಸಬರಿಗೆ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಶುರುವಾಗುವುದು ಸಾಮಾನ್ಯ. 4 ಲಕ್ಷ ಸಾಲಕ್ಕೆ ಶೇಕಡ 10ರ ಬಡ್ಡಿಯಂತೆ 7 ವರ್ಷದ ಕಂತು ತಿಂಗಳಿಗೆ ಸುಮಾರು 6,640 ರೂಪಾಯಿ. ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದು ಇದನ್ನು ಕಟ್ಟಬೇಕು. ಡೊನೇಷನ್ನಿಗೆ ಕೈಸಾಲ ಮಾಡಿದ್ದರೆ ಅದು ಬೇರೆ. ಅದಕ್ಕೇ ಮೊದಲು ಸಿಇಟಿ ಸೀಟು, ವಿದ್ಯಾರ್ಥಿವೇತನ, ಬ್ಯಾಂಕಿನ ಶಿಕ್ಷಣ ಸಾಲ ನೋಡಿ. ಸಂಘದ ಉಳಿತಾಯ ಡೊನೇಷನ್ನಿಗೆ ಹೋಗಬಾರದು.

ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಕೆಲಸ ಸಿಕ್ಕರೆ ಜೀವನ ಗಟ್ಟಿ ಎನ್ನುತ್ತಿದ್ದರು. ಅದೂ ಬಾಗಿಲು ಹಾಕಿತು. ದಾವಣಗೆರೆಯ ಹತ್ತಿ ಗಿರಣಿಗಳ ಕಥೆಯೂ ಅದೇ. ಕಂಪ್ಯೂಟರ್ ಕಂಪನಿಗಳೂ ಹೊರತಲ್ಲ. 2025ರ ಜುಲೈನಲ್ಲಿ ಟಿಸಿಎಸ್ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಕಿರ್ಲೋಸ್ಕರ್ ಮುಚ್ಚಿದಾಗ ಲೇತು ಕೆಲಸ ಚೆನ್ನಾಗಿ ಬಲ್ಲವರ ಕೈಯಲ್ಲಿ ಕಸುಬಾದರೂ ಉಳಿಯಿತು. ಹಾಗೇ ಸರ್ಟಿಫಿಕೇಟಿಗಿಂತ ಪ್ರೋಗ್ರಾಂ ಬರೆಯುವ ಕೈ ಮುಖ್ಯ. ಮಗುವಿಗೆ ಗಣಿತದಲ್ಲಿ ಆಸಕ್ತಿ ಇದೆಯಾ, ಕೂತು ಬಿಡಿಸುವ ತಾಳ್ಮೆ ಇದೆಯಾ ಎಂದು ಅದನ್ನೇ ಕೇಳಿ. ಪಕ್ಕದ ಮನೆಯವರನ್ನು ನೋಡಿ ಸೇರಿಸಬೇಡಿ.

ಇನ್ನೊಂದು ಮಾತು. ಮಗನಿಗೆ ಪೇಮೆಂಟ್ ಸೀಟು, ಹೆಚ್ಚು ಅಂಕ ತೆಗೆದ ಮಗಳಿಗೆ "ಯಾವುದಾದ್ರೂ ಡಿಗ್ರಿ ಸಾಕು" ಅನ್ನುವ ಮನೆಗಳಿವೆ. ಇದನ್ನು ನಾವೇ, ಹೆಂಗಸರೇ, ನಿಲ್ಲಿಸಬೇಕು.

ಕಾಲೇಜಿಗೆ ಒಬ್ಬೊಬ್ಬರೇ ಹೋಗಬೇಡಿ. ಸಂಘದಿಂದ ಮೂರ್ನಾಲ್ಕು ಮಂದಿ ಸೇರಿ, ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬ್ಯಾಂಕ್ ಮ್ಯಾನೇಜರ್ ಮುಂದೆ ಮಾತಾಡಲು ಕಲಿತ ನಿಮಗೆ ಪ್ರಿನ್ಸಿಪಾಲರ ಮುಂದೆ ಅಂಜಿಕೆ ಯಾಕೆ? ಉತ್ತರ ಬರೆದುಕೊಂಡು ಬಂದು ಸಂಘದ ಸಭೆಯಲ್ಲಿ ಓದಿ. ಮುಂದಿನ ವರ್ಷ ಇನ್ನೊಬ್ಬ ತಾಯಿಗೆ ಅದು ದಾರಿ ತೋರಿಸುತ್ತದೆ.